ಕಲ್ಲು ಪಕ್ಕಾ, ಕಾಗುಣಿತ ನೀವೇ ನೋಡಿಕೊಳ್ಳಿ: ಉದ್ಯಮಬಾಗದ ಕೆತ್ತನೆ ಅಂಗಡಿಯಲ್ಲಿ ದೇವರ ಹೆಸರಿನ ಫಲಕ

ಬೆಳಗಾವಿಯ ಉದ್ಯಮಬಾಗ ಕಡೆಯ ಈ ಕಲ್ಲು ಕೆತ್ತನೆ ಅಂಗಡಿಗೆ ಕ್ರೈಸ್ತ ಗಿರಾಕಿಗಳು ಬರುವುದು ಹೆಚ್ಚಾಗಿ ಎರಡು ಕೆಲಸಕ್ಕೆ: ಹೊಸ ಮನೆಯ ಗೋಡೆಗೆ ಫಲಕ, ಇಲ್ಲವೇ ಗೋರಿಗೆ ಕಲ್ಲು. ಎರಡರಲ್ಲೂ ಮನೆಯವರ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ದೇವರ ಹೆಸರು ಬರುತ್ತದೆ. ಇಲ್ಲಿನ ಕಲ್ಲು ಒಳ್ಳೆಯದು, ಯಂತ್ರ ಒಳ್ಳೆಯದು, ಕೆಲಸಗಾರರ ಕೈ ಇನ್ನೂ ಒಳ್ಳೆಯದು. ಎಡವುವುದೆಲ್ಲ ನಮೂನೆ ಪುಸ್ತಕದಲ್ಲಿ. ಅದರ ‘ಕ್ರಿಶ್ಚಿಯನ್’ ಪುಟಗಳಲ್ಲಿ ಪ್ರೊಟೆಸ್ಟಂಟರ ಸತ್ಯವೇದದ (ಬೈಬಲ್ಲಿನ) ಮಾತು, ಕಥೋಲಿಕರ ಪ್ರಾರ್ಥನೆಯ ಮಾತು, ಮರಾಠಿ ಕಾಗುಣಿತ, ತೆಲುಗು ಹಾಡಿನ ದೀರ್ಘ, ಇಂಗ್ಲಿಷ್ ಉಚ್ಚಾರ ಎಲ್ಲ ಒಂದೇ ಚೀಲಕ್ಕೆ ಬಿದ್ದಿವೆ. ಕಾಗದದ ಮೇಲಿನ ತಪ್ಪನ್ನು ಒರೆಸಬಹುದು. ಕಲ್ಲಿನೊಳಗೆ 2 ಮಿಮೀ ಇಳಿದ ತಪ್ಪಿಗೆ ಹೊಸ ಕಲ್ಲೇ ಮದ್ದು.

ಅಂಕ ಕೊಡುವುದಾದರೆ ಕಲ್ಲಿಗೆ 5ಕ್ಕೆ 4½, ಕೆತ್ತನೆಗೆ 4, ಅಕ್ಷರಕ್ಕೆ 2. ಆ ಮೂರು ಅಂಕ ಎಲ್ಲಿ ಹೋದವು ಎನ್ನುವುದೇ ಈ ಬರಹದ ಮುಖ್ಯ ಭಾಗ. ಕಲ್ಲಿನ ವಿಷಯ ಮೊದಲು ಮುಗಿಸೋಣ.

ಇಳಕಲ್ಲಿನ ಕೆಂಪು ಗ್ರಾನೈಟ್ ಮತ್ತು ಹೊರಗಿನಿಂದ ಬರುವ ಕಪ್ಪು ಗ್ರಾನೈಟ್, ಇವೆರಡು ಸದಾ ಸಿಗುತ್ತವೆ. 2 ಅಡಿ ಅಗಲ, 1 ಅಡಿ ಎತ್ತರ, 18 ಮಿಮೀ ದಪ್ಪದ ಹಲಗೆ ಸುಮಾರು 9 ಕಿಲೋ ತೂಗುತ್ತದೆ. ಬರೀ ಗಿಲಾವಿನ ಮೇಲೆ ಅಂಟು ಹಚ್ಚಿ ನಿಲ್ಲಿಸುವ ತೂಕವಲ್ಲ ಇದು. ಗಿಲಾವು ಕೆತ್ತಿ ಇಟ್ಟಿಗೆ ಕಾಣುವ ತನಕ ಹೋಗಬೇಕು, ಇಲ್ಲವೇ ನಾಲ್ಕು ಮೂಲೆಗೆ ಸ್ಟೀಲಿನ ಮೊಳೆ ಕೊಡಬೇಕು. ಇಳಕಲ್ ಕೆಂಪು ನೋಡಲು ಚಂದ, ಆದರೆ ಅದರ ಹರಳು ದಪ್ಪ, ಮೈತುಂಬ ಚುಕ್ಕೆ. ಸಣ್ಣ ಒತ್ತಕ್ಷರ ಆ ಚುಕ್ಕೆಗಳ ನಡುವೆ ಕಳೆದುಹೋಗುತ್ತದೆ. ಕೆಂಪು ಕಲ್ಲಿಗೆ ಅಕ್ಷರ ಕನಿಷ್ಠ 40 ಮಿಮೀ ಎತ್ತರ ಇರಲಿ, ಬಣ್ಣ ಬಿಳಿ ಇರಲಿ. ಚಿನ್ನದ ಬಣ್ಣ ಅಂಗಡಿಯ ದೀಪದಡಿ ಮಿಂಚುತ್ತದೆ, ವಿಜಯಪುರದ ಮಧ್ಯಾಹ್ನದ ಬಿಸಿಲಿಗೆ ಹಿಡಿದರೆ ಕೆಂಪಿನೊಳಗೆ ಕರಗಿಬಿಡುತ್ತದೆ. ಕಪ್ಪು ಕಲ್ಲಿಗೆ ಈ ತೊಂದರೆ ಇಲ್ಲ. ಲೇಸರ್ ಕೆಲಸಕ್ಕೂ ಅದೇ ಸರಿ. ಲೇಸರ್ ಮೇಲ್ಮೈಯನ್ನು ಬೂದು ಮಾಡುತ್ತದಷ್ಟೇ, ಆಳ ಕೊಡುವುದಿಲ್ಲ. ಕೆಂಪು ಕಲ್ಲಿನ ಮೇಲೆ ಆ ಬೂದು ಕಾಣುವುದೇ ಇಲ್ಲ. ಹೊರಗೋಡೆಗೆ, ಗೋರಿಗೆ ಮರಳು ಊದುವ ಕೆತ್ತನೆಯನ್ನೇ ಕೇಳಿ.

ಮರಳು ಊದುವ ಕೆಲಸ ಹೀಗೆ: ಅಕ್ಷರವನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ರಬ್ಬರ್ ಹಾಳೆಯಲ್ಲಿ ಪ್ಲಾಟರ್ ಎಂಬ ಕತ್ತರಿಸುವ ಯಂತ್ರದಿಂದ ಕತ್ತರಿಸಿ, ಕಲ್ಲಿಗೆ ಅಂಟಿಸಿ, ಅಕ್ಷರದ ಜಾಗದ ರಬ್ಬರನ್ನು ಕೈಯಿಂದ ಎತ್ತಿ, ಗಾಳಿಯ ಒತ್ತಡದಲ್ಲಿ ಮರಳು ಹಾಯಿಸುತ್ತಾರೆ. ತೆರೆದ ಜಾಗ ಕೊರೆಯುತ್ತದೆ, ಮುಚ್ಚಿದ ಜಾಗ ಉಳಿಯುತ್ತದೆ. ಅಕ್ಷರದ ಹೊಟ್ಟೆಯೊಳಗಿನ ರಬ್ಬರ್ ತುಂಡು 3 ಮಿಮೀಗಿಂತ ಸಣ್ಣದಾದರೆ ಮರಳಿನ ಹೊಡೆತಕ್ಕೆ ಹಾರಿಹೋಗಿ ಆ ಅಕ್ಷರ ಗುಂಡಿಯಾಗುತ್ತದೆ. ಈ ಮಾತು ನೆನಪಿರಲಿ, ಮುಂದೆ ಹೀಬ್ರೂ ಅಕ್ಷರಕ್ಕೆ ಬಂದಾಗ ಬೇಕಾಗುತ್ತದೆ.

ಈಗ ಹೆಸರುಗಳು.

ನಮೂನೆ ಪುಸ್ತಕದ ಮೊದಲ ಫಲಕ ‘ಯೆಹೋವಾ’. ಕೊನೆಯ ದೀರ್ಘ ತೆಲುಗಿನ ಬರವಣಿಗೆಯಿಂದ ಬಂದದ್ದು. ಕನ್ನಡ ಸತ್ಯವೇದದಲ್ಲಿ ‘ಯೆಹೋವ’, ವಿಭಕ್ತಿ ಹಚ್ಚಿದರೆ ಯೆಹೋವನು, ಯೆಹೋವನ, ಯೆಹೋವನಿಗೆ. ಫಲಕದ ಮೇಲಿನ ಸಾಲಿನಲ್ಲಿ ‘ಯೆಹೋವಾ’, ಕೆಳಗಿನ ವಚನದಲ್ಲಿ ‘ಯೆಹೋವನು’ ಎಂದು ಕೆತ್ತಿಸಿದರೆ ಒಂದೇ ಕಲ್ಲಿನ ಮೇಲೆ ಎರಡು ಕಾಗುಣಿತ ಕೂತುಬಿಡುತ್ತವೆ.

ಈ ಹೆಸರಿನ ಹಿಂದಿನ ಕಥೆ ತಿಳಿದಿದ್ದರೆ ಯಾವ ಮನೆಗೆ ಯಾವ ರೂಪ ಎನ್ನುವುದು ತಾನಾಗಿ ತೀರ್ಮಾನವಾಗುತ್ತದೆ. ಹೀಬ್ರೂ ಮೂಲದಲ್ಲಿರುವುದು ನಾಲ್ಕೇ ವ್ಯಂಜನ: ಯೋದ್, ಹೇ, ವಾವ್, ಹೇ. ಬೈಬಲ್ಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯಲ್ಲಿ ಇದು ಸುಮಾರು 6,800 ಸಲ ಬರುತ್ತದೆ. ಯೆಹೂದ್ಯರು ಭಯಭಕ್ತಿಯಿಂದ ಇದನ್ನು ಉಚ್ಚರಿಸುವುದು ಬಿಟ್ಟು, ಓದುವಾಗ ‘ಅದೋನಾಯ್’, ಅಂದರೆ ‘ನನ್ನ ಒಡೆಯ’, ಎಂದು ಹೇಳುತ್ತ ಬಂದರು. ಮುಂದೆ ಸ್ವರಚಿಹ್ನೆ ಹಾಕುವ ಕಾಲ ಬಂದಾಗ ಈ ನಾಲ್ಕು ವ್ಯಂಜನಗಳಿಗೆ ಅದೋನಾಯ್‌ನ ಸ್ವರಗಳನ್ನೇ ಹಚ್ಚಿದರು; ಕಣ್ಣಿಗೆ ಒಂದು, ಬಾಯಿಗೆ ಇನ್ನೊಂದು ಎಂದು ನೆನಪಿಸುವ ಗುರುತು ಅದು. ಹೊರಗಿನವರು ಎರಡನ್ನೂ ಕೂಡಿಸಿ ಓದಿದ್ದರಿಂದ ‘ಯೆಹೋವ’ ಹುಟ್ಟಿತು. ಮೂಲ ಉಚ್ಚಾರ ‘ಯಾವೆ’ಗೆ ಹತ್ತಿರ ಇತ್ತೆಂದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಅರ್ಥಕ್ಕೆ ಆಧಾರ ಬೈಬಲ್ಲಿನ ವಿಮೋಚನಕಾಂಡ 3:14 (3ನೆಯ ಅಧ್ಯಾಯ, 14ನೆಯ ವಚನ). ಅಲ್ಲಿ ಈ ಹೆಸರು ‘ಇರು’ ಎಂಬ ಕ್ರಿಯಾಪದದ ಜತೆ ತಳಕು ಹಾಕಿಕೊಳ್ಳುತ್ತದೆ. ಕನ್ನಡ ಸತ್ಯವೇದದ ‘ಇರುವಾತ’ ಎಂಬ ಮಾತು ಅದನ್ನು ಒಂದೇ ಪದದಲ್ಲಿ ಹಿಡಿದಿದೆ. ನಮ್ಮ ಅಭಿಪ್ರಾಯದಲ್ಲಿ ಕಲ್ಲಿಗೆ ಇದಕ್ಕಿಂತ ಚಂದದ ಮಾತಿಲ್ಲ, ಆದರೆ ನಮೂನೆ ಪುಸ್ತಕದಲ್ಲಿ ಅದು ಇಲ್ಲವೇ ಇಲ್ಲ.

ಕಥೋಲಿಕ ಮನೆಗೆ ಲೆಕ್ಕ ಬೇರೆ. ಕನ್ನಡ ಕಥೋಲಿಕರ ಬೈಬಲ್ಲಿನಲ್ಲಿ, ಪೂಜೆಯಲ್ಲಿ ಈ ಜಾಗಕ್ಕೆ ಬರುವ ಮಾತು ‘ಸರ್ವೇಶ್ವರ’. ಇದರ ಹಿಂದಿರುವುದೂ ಅದೇ ಹಳೆಯ ಪದ್ಧತಿ: ನಾಲ್ಕಕ್ಷರದ ಹೆಸರನ್ನು ಬಾಯಿಂದ ಆಡದೆ ‘ಒಡೆಯ’ ಎನ್ನುವ ಅರ್ಥದ ಪದ ಬಳಸುವುದು. ಹೀಬ್ರೂ ಗ್ರಂಥವನ್ನು ಗ್ರೀಕಿಗೆ ತಂದವರೂ ‘ಕೂರಿಯೊಸ್’ ಎಂದು ಹೀಗೆಯೇ ಮಾಡಿದ್ದರು. 2008ರ ಜೂನ್ 29ರಂದು ವ್ಯಾಟಿಕನ್ ಒಂದು ಪತ್ರ ಹೊರಡಿಸಿ, ಪೂಜೆ, ಪ್ರಾರ್ಥನೆ, ಹಾಡುಗಳಲ್ಲಿ ‘ಯಾವೆ’ ರೂಪವನ್ನು ಬಳಸಬಾರದು, ಉಚ್ಚರಿಸಬಾರದು ಎಂದು ಬಿಷಪ್ಪರುಗಳಿಗೆ ತಿಳಿಸಿತು. ಆ ಪತ್ರ ಮನೆಯ ಗೋಡೆಯ ಮಾತಾಡಿಲ್ಲ. ಆದರೂ ಚರ್ಚಿನ ಆವರಣದ ಕಲ್ಲಿಗೆ, ಸ್ಮಶಾನದ ಕಲ್ಲಿಗೆ ‘ಯಾವೆ’ ಹಾಕಿಸುವ ಮುನ್ನ ಫಾದರ್‌ ಅವರನ್ನು ಕೇಳುವುದು ಒಳ್ಳೆಯದು. ಪುಸ್ತಕದ ಏಳನೆಯ ನಮೂನೆಯಲ್ಲಿ ಯೇಸುವಿನ ತಾಯಿ ಮರಿಯಮ್ಮನ ಚಿತ್ರದ ಕೆಳಗೆ ‘ಯಾವೆ ನಮ್ಮ ಆಶ್ರಯ’ ಎಂದಿದೆ. ಜೋಡಿಸಿದವರಿಗೆ ಎರಡೂ ಕಡೆಯ ರೂಢಿ ಗೊತ್ತಿಲ್ಲ ಎನ್ನಲು ಅದೊಂದು ಸಾಕು.

ಬಾಗಲಕೋಟೆ, ವಿಜಯಪುರದ ಕಡೆ ‘ಸರ್ವೇಶ್ವರ’ಕ್ಕೆ ಇನ್ನೊಂದು ಅನುಕೂಲ ಇದೆ: ನೆರೆಯವರಿಗೆ ವಿವರಿಸಬೇಕಿಲ್ಲ. ಸಂಗಮೇಶ್ವರ, ಸಿದ್ಧೇಶ್ವರ ಎಂದು ಕರೆದು ರೂಢಿಯಾದ ಬಾಯಿಗೆ ಅದು ಸಲೀಸು. ‘ಯೆಹೋವ ಚಿದ್ಕೇನು’ ಎಂದು ಹಾಕಿಸಿದರೆ ಹಾಲಿನವನಿಂದ ಹಿಡಿದು ಅಂಚೆಯವನ ತನಕ ಎಲ್ಲರೂ ಕೇಳುತ್ತಾರೆ. (ಯೆರೆಮೀಯ 23:6ರ ಹೆಸರು ಅದು, ‘ಯೆಹೋವನೇ ನಮ್ಮ ನೀತಿ’ ಎಂದರ್ಥ. ಹೀಬ್ರೂ ರೂಪಕ್ಕಿಂತ ಕನ್ನಡ ಅರ್ಥವನ್ನೇ ಕೆತ್ತಿಸುವುದು ಲೇಸು.)

ಈ ಭಾಗದಲ್ಲಿ ಅತಿ ಹೆಚ್ಚು ಓಡುವ ಫಲಕ ‘ಯೆಹೋವ ಯೀರೆ’. ಆದಿಕಾಂಡ 22:14ರಲ್ಲಿ ಅಬ್ರಹಾಮ ಇಟ್ಟದ್ದು, ಅದೂ ಒಂದು ಜಾಗಕ್ಕೆ ಇಟ್ಟ ಹೆಸರು. ಹೀಗಾಗಿ ಮನೆಗೆ ಚೆನ್ನಾಗಿ ಹೊಂದುತ್ತದೆ. ‘ಯೆಹೋವನು ಒದಗಿಸುವನು’ ಎಂದು ಅದರ ಅರ್ಥ ಹೇಳುತ್ತಾರೆ, ಆದರೆ ‘ಯೀರೆ’ಯ ಧಾತುವಿಗೆ ‘ನೋಡು’ ಎಂದರ್ಥ. ನೋಡುವುದು ಒದಗಿಸುವುದಾಗುವುದು ಹೇಗೆ ಎಂದು ಬೇರೆ ಭಾಷೆಯವರು ಪುಟಗಟ್ಟಲೆ ಬರೆಯುತ್ತಾರೆ. ನಮಗೆ ಆ ಕಷ್ಟವಿಲ್ಲ, ‘ದೇವರು ನೋಡ್ಕೋತಾನ’ ಎಂದರೆ ಎರಡೂ ಬಂದವು. ಅಂಗಡಿಯ ನಮೂನೆ ಮಾತ್ರ ‘ಯೆಹೋವ ಜಿರೆ’ ಎನ್ನುತ್ತದೆ. ಇಂಗ್ಲಿಷ್ ಬೈಬಲ್ಲಿನ ಹಳೆಯ ಬರಹದಲ್ಲಿ ‘ಜೆ’ ಅಕ್ಷರ ‘ಯ’ಕಾರಕ್ಕೆ ನಿಂತಿತ್ತು, ಅದನ್ನು ಇಂದಿನ ಇಂಗ್ಲಿಷ್ ಉಚ್ಚಾರದಲ್ಲಿ ಓದಿ ಕನ್ನಡಕ್ಕೆ ಇಳಿಸಿದ್ದಾರೆ. ಮರಾಠಿಯಲ್ಲಿ ‘ಜಿರೆ’ ಎಂದರೆ ಜೀರಿಗೆ. ಬೆಳಗಾವಿಯ ಓಣಿಯಲ್ಲಿ ಅರ್ಧ ಜನ ಮರಾಠಿ ಬಲ್ಲವರು, ಮಸಾಲೆ ಅಂಗಡಿಯ ಹೆಸರೋ ಎಂದು ಅವರು ಓದಿದರೆ ತಪ್ಪು ಅವರದಲ್ಲ.

ಇದೇ ಸಾಲಿನ ಉಳಿದವು ಚುಟುಕಾಗಿ. ‘ಯೆಹೋವ ನಿಸ್ಸಿ’ (ವಿಮೋಚನಕಾಂಡ 17:15) ಎಂದರೆ ಯೆಹೋವನೇ ನನ್ನ ಧ್ವಜ. ಮೋಶೆ ಒಂದು ಯಜ್ಞವೇದಿಗೆ ಇಟ್ಟದ್ದು. ‘ಯೆಹೋವ ಷಾಲೋಮ್’ (ನ್ಯಾಯಸ್ಥಾಪಕರು 6:24) ಎಂದರೆ ಯೆಹೋವನೇ ಸಮಾಧಾನ, ಗಿದ್ಯೋನನ ವೇದಿ. ‘ಯೆಹೋವ ರಾಫಾ’ ದವಾಖಾನೆಗಳ ಮೆಚ್ಚಿನದು, ವಾಸಿಮಾಡುವಾತ ಎಂದರ್ಥ. ಮೂಲ ವಚನದಲ್ಲಿ (ವಿಮೋಚನಕಾಂಡ 15:26) ಅದು ‘ನಿನ್ನನ್ನು ವಾಸಿಮಾಡುವ ಯೆಹೋವ’ ಎಂಬ ರೂಪದಲ್ಲಿದೆ, ‘ರಾಫಾ’ ಹಾಡುಗಳಿಂದ ಬಂದ ಗಿಡ್ಡ ರೂಪ. ಅಂಗಡಿಯವರು ‘ಫ’ ಮತ್ತು ‘ಪ’ ನಡುವೆ ಭೇದ ಮಾಡುವುದಿಲ್ಲ, ‘ರಾಪಾ’ ಆಗದಂತೆ ನೋಡಿ. ‘ಎಲ್ ಶದ್ದಾಯ್’ (ಆದಿಕಾಂಡ 17:1) ಕನ್ನಡದಲ್ಲಿ ‘ಸರ್ವಶಕ್ತ’. ಶದ್ದಾಯ್ ಪದದ ಮೂಲದ ಬಗ್ಗೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಇಲ್ಲಿ ‘ಎಲ್’ ಆದ ಮೇಲೆ ಜಾಗ ಬಿಡದಿದ್ದರೆ ಕಂಪ್ಯೂಟರ್ ‘ಶ’ವನ್ನು ‘ಲ’ದ ಕೆಳಗೆ ಒತ್ತಾಗಿ ತೂರಿಸುತ್ತದೆ. ‘ಎಬೆನೆಜೆರ್ ನಿಲಯ’ಕ್ಕೂ ಅದೇ ಗತಿ, ‘ಎಬೆನೆಜೆರ್ನಿಲಯ’ ಆಗಿ ನಡುವೆ ಅರ್ಕಾವೊತ್ತು ಹಾರಿ ಕೂಡುತ್ತದೆ.

ಎಬೆನೆಜೆರ್ ದೇವರ ಹೆಸರೇ ಅಲ್ಲ. ಪುಸ್ತಕದಲ್ಲಿ ದೇವರ ಹೆಸರುಗಳ ಪುಟದಲ್ಲಿ ಸೇರಿಸಿದ್ದಾರೆ. ‘ಸಹಾಯದ ಕಲ್ಲು’ ಎಂದದರ ಅರ್ಥ. 1 ಸಮುವೇಲ 7:12ರಲ್ಲಿ ಸಮುವೇಲ ನಿಲ್ಲಿಸಿದ ಕಲ್ಲಿನ ಹೆಸರು. ಕಲ್ಲಿನಂಗಡಿಯವರಿಗೇ ಇದು ಗೊತ್ತಿಲ್ಲದ್ದು ತಮಾಷೆ.

ಯೇಸುವಿನ ಹೆಸರಿಗೆ ಬಂದರೆ ಬೆಳಗಾವಿಯ ಖಾಸಾ ತಪ್ಪು ‘ಯೇಶು’. ಮರಾಠಿಯ ಶಕಾರ ಹಾಗೇ ದಾಟಿ ಬಂದಿದೆ. ಮರಾಠಿ ಫಲಕದಲ್ಲಿ ಅದೇ ಸರಿ, ಕನ್ನಡದಲ್ಲಿ ‘ಯೇಸು’. ‘ಯೆಹೋವನು ರಕ್ಷಿಸುತ್ತಾನೆ’ ಎಂಬ ಅರ್ಥದ ಹೀಬ್ರೂ ಹೆಸರು ಗ್ರೀಕ್ ಬಾಯಲ್ಲಿ ಸವೆದು ನಮ್ಮತ್ತ ಬಂದ ರೂಪ ಇದು. ಮತ್ತಾಯ 1:21 ಈ ಅರ್ಥವನ್ನೇ ಹೇಳುತ್ತದೆ. ‘ಕ್ರಿಸ್ತ’ ಮನೆತನದ ಹೆಸರಲ್ಲ, ಪದವಿ: ಹೀಬ್ರೂವಿನ ‘ಮೆಸ್ಸೀಯ’ನಿಗೆ ಗ್ರೀಕ್ ಮಾತು, ಕನ್ನಡದಲ್ಲಿ ‘ಅಭಿಷಿಕ್ತ’. ನಮೂನೆಯೊಂದರಲ್ಲಿ ‘ಶ್ರೀ ಯೇಸು ಕ್ರಿಸ್ತ’ ಎಂದು ಮನೆ ಯಜಮಾನರ ಹೆಸರಿನ ಧಾಟಿಯಲ್ಲೇ ಜೋಡಿಸಿದ್ದಾರೆ, ಆ ‘ಶ್ರೀ’ ತೆಗೆಸಿ.

‘ಕರ್ತ’ ಪದಕ್ಕೆ ಕಂಪ್ಯೂಟರಿನ ಕಾಟ ಬೇರೆ. ಅಂಗಡಿಯಲ್ಲಿ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಸಾಲುಗಳನ್ನು ಯೂನಿಕೋಡಿಗೆ ಬದಲಿಸುವಾಗ ಅರ್ಕಾವೊತ್ತು ಜಾಗ ಬಿಟ್ಟು ಓಡುತ್ತದೆ. ಹಳೆಯ ಫಾಂಟಿನಲ್ಲಿ ಅದನ್ನು ಅಕ್ಷರದ ನಂತರ ಒತ್ತುತ್ತಾರೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಆ ಅದಲುಬದಲಿನಲ್ಲಿ ‘ಕರ್ತ’ ಹೋಗಿ ‘ಕತರ್’ ಆಗುತ್ತದೆ, ಕೊಲ್ಲಿಯ ದೇಶದಲ್ಲಿ ಕೆಲಸಕ್ಕಿರುವವರ ಮನೆಯೇನೋ ಎನಿಸುವಂತೆ. ‘ಸರ್ವೇಶ್ವರ’, ‘ಸರ್ವಶಕ್ತ’, ‘ಮಾರ್ಗ’ ಇವಕ್ಕೂ ಇದೇ ಅಪಾಯ. ಪ್ರೂಫಿನಲ್ಲಿ ಮೊದಲು ಹುಡುಕಬೇಕಾದ್ದು ಇದನ್ನೇ.

ಗೌರವದ ವಿಭಕ್ತಿಯಲ್ಲೂ ಜಾಗ್ರತೆ ಬೇಕು. ಪ್ರೊಟೆಸ್ಟಂಟರ ಹಳೆಯ ಸತ್ಯವೇದದ ಧಾಟಿ ಏಕವಚನ, ‘ಕರ್ತನಾದ ಯೇಸು ಕ್ರಿಸ್ತನು’. ಕಥೋಲಿಕರದು ‘ಪ್ರಭು ಯೇಸು’, ‘ಯೇಸುಸ್ವಾಮಿ’, ಕ್ರಿಯಾಪದ ಬಹುವಚನ. ಎರಡೂ ಭಕ್ತಿಯ ಮಾತೇ. ಬೆರೆಸಿ ‘ಯೇಸುಸ್ವಾಮಿ ಕಾಪಾಡುವನು’ ಎಂದರೆ ಎರಡೂ ಕಡೆಯ ಕಿವಿಗೆ ಒರಟು. ತ್ರಿತ್ವದ, ಅಂದರೆ ಮೂವರಾಗಿರುವ ಒಬ್ಬನೇ ದೇವರ, ಸಾಲೂ ಹಾಗೆಯೇ: ಒಂದು ಕಡೆ ‘ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ’, ಇನ್ನೊಂದು ಕಡೆ ‘ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ’. ಮೂವರಿದ್ದಾರಲ್ಲ ಎಂದು ಟೈಪ್ ಮಾಡುವವರು ‘ಹೆಸರುಗಳಲ್ಲಿ’ ಎಂದು ತಿದ್ದಿಬಿಡುವ ಸಂಭವ ಉಂಟು. ಮತ್ತಾಯ 28:19ರ ಗ್ರೀಕಿನಲ್ಲಿ ‘ಹೆಸರು’ ಏಕವಚನ. ಮೂವರಿಗೆ ಒಂದೇ ಹೆಸರು ಎನ್ನುವುದರ ಮೇಲೆಯೇ ಸಭೆಯ ಬೋಧನೆ ನಿಂತಿದೆ. ಇಲ್ಲಿ ಒಂದು ‘ಗಳ’ ದುಬಾರಿ.

ಗೋರಿಕಲ್ಲಿಗೆ ‘ಅಬ್ಬಾ ತಂದೆಯೇ’ ಕೇಳುವವರಿದ್ದಾರೆ. ಅರಮಾಯಿಕ್ ಭಾಷೆಯಲ್ಲಿ ತಂದೆಯನ್ನು ಕರೆಯುವ ಆಪ್ತ ಮಾತು ಅದು, ಮಾರ್ಕ 14:36ರಲ್ಲಿ ಯೇಸುವಿನ ಬಾಯಲ್ಲಿ ಬರುತ್ತದೆ. ಕನ್ನಡದ ‘ಅಬ್ಬಾ’ ಉದ್ಗಾರ, ಅದೂ ಅಚ್ಚರಿಯದು ಇಲ್ಲವೇ ಸುಸ್ತಿನದು. ಗೋರಿಯ ಮೇಲೆ ಆ ಧ್ವನಿ ಬೇಡ. ‘ಅಪ್ಪಾ, ತಂದೆಯೇ’ ಎಂದರೆ ಅರ್ಥವೂ ಉಳಿಯಿತು, ನಮ್ಮ ಮನೆಯ ಕರೆಯೂ ಆಯಿತು.

ಚಿಹ್ನೆಗಳ ಪುಟ ಪದಗಳಿಗಿಂತ ವಾಸಿ, ಆದರೂ ಮೂರು ಕಡೆ ಕಣ್ಣಿಡಬೇಕು. ಶಿಲುಬೆಯ ತಲೆಯ ಮೇಲಿನ ನಾಲ್ಕು ರೋಮನ್ ಅಕ್ಷರ, ಐ-ಎನ್-ಆರ್-ಐ, ‘ನಜರೇತಿನ ಯೇಸು, ಯೆಹೂದ್ಯರ ಅರಸ’ ಎಂಬ ಲ್ಯಾಟಿನ್ ಬರಹದ ಮೊದಲಕ್ಷರಗಳು; ಆ ಬರಹ ಹೀಬ್ರೂ, ಲ್ಯಾಟಿನ್, ಗ್ರೀಕ್ ಮೂರರಲ್ಲೂ ಇತ್ತೆಂದು ಯೋಹಾನ 19:20 ಹೇಳುತ್ತದೆ. ಪಟ್ಟಿ ಕಿರಿದಾಗಿ ಮೊದಲ ‘ಐ’ ಚೌಕಟ್ಟಿನ ಗೆರೆಗೆ ಅಂಟಿಕೊಂಡರೆ ಉಳಿಯುವುದು ಎನ್‌ಆರ್‌ಐ. ಎರಡೂ ತುದಿಗೆ 6 ಮಿಮೀ ಬಿಡಿಸಿ. ಇನ್ನೊಂದು, ಐ-ಎಚ್-ಎಸ್, ಜೆಸ್ವಿಟರು ಎಂಬ ಕಥೋಲಿಕ ಗುರುಗಳ ಸಂಘದ ಲಾಂಛನದಲ್ಲಿರುವುದು ಇದೇ. ಇಂಗ್ಲಿಷ್ ವಾಕ್ಯವೊಂದರ ಮೊದಲಕ್ಷರ ಎಂದು ಅಂಗಡಿಯವರು ವಿವರಿಸುತ್ತಾರೆ, ಅದು ತಪ್ಪು. ‘ಯೇಸು’ ಹೆಸರಿನ ಗ್ರೀಕ್ ರೂಪದ ಮೊದಲ ಮೂರು ಅಕ್ಷರ: ಇಯೋಟ, ಈಟ, ಸಿಗ್ಮ. ನಡುವಿನದು ‘ಎಚ್’ನಂತೆ ಕಾಣುವ ಸ್ವರ. ಮೂರನೆಯದು ಆಲ್ಫ ಮತ್ತು ಒಮೇಗ, ಗ್ರೀಕ್ ಅಕ್ಷರಮಾಲೆಯ ಮೊದಲ ಮತ್ತು ಕೊನೆಯ ಅಕ್ಷರ, ಪ್ರಕಟನೆ 22:13ರ ‘ಆದಿಯೂ ಅಂತ್ಯವೂ’. ಗೇಟಿನ ಎರಡು ಕಂಬಕ್ಕೆ ಒಂದೊಂದು ಹಾಕಿಸುವವರು, ಒಳಬರುವವರ ಎಡಕ್ಕೆ ಆಲ್ಫ ಎಂದು ಕಾಗದದ ಮೇಲೆ ಚಿತ್ರ ಬಿಡಿಸಿ ಕೊಡಿ. ಬರೀ ‘ಎಡ, ಬಲ’ ಎಂದರೆ ಗೌಂಡಿ ಒಳಗೆ ನಿಂತು ಕೂರಿಸಿದಾಗ ಅಂತ್ಯವೇ ಮೊದಲಾಗುತ್ತದೆ.

ಹೀಬ್ರೂ ಲಿಪಿಯ ನಾಲ್ಕಕ್ಷರ ಈಗೀಗ ಶೋಕಿಯಾಗಿದೆ. ಈ ಅಂಗಡಿಯಲ್ಲಿ ಅದನ್ನು ಮಾಡಿಸುವುದು ಬೇಡ ಎನ್ನುವುದೇ ನಮ್ಮ ಸಲಹೆ. ಹಟವಿದ್ದರೆ ಎರಡು ಪರೀಕ್ಷೆ ಮಾಡಿ. ಹೀಬ್ರೂ ಬಲದಿಂದ ಎಡಕ್ಕೆ ಓಡುತ್ತದೆ. ವಿನ್ಯಾಸದ ತಂತ್ರಾಂಶಕ್ಕೆ ಅದು ತಿಳಿಯದಿದ್ದರೆ ಸಾಲು ತಿರುಗಿಬಿಡುತ್ತದೆ. ಅತಿ ಚಿಕ್ಕ ಅಕ್ಷರ ಯೋದ್, ಅಲ್ಪವಿರಾಮದಂತಿರುತ್ತದೆ. ಅದು ಬಲತುದಿಯಲ್ಲಿ ಇರಲೇಬೇಕು, ಎಡತುದಿಯಲ್ಲಿದ್ದರೆ ಕಲ್ಲು ಮುಟ್ಟಲು ಬಿಡಬೇಡಿ. ಎರಡನೆಯದು, ‘ಹೇ’ ಅಕ್ಷರದ ಎಡಗಾಲಿಗೂ ಮೇಲಿನ ಗೆರೆಗೂ ನಡುವೆ ಸಣ್ಣ ಸಂದು ಇರುತ್ತದೆ. ಆ ಸಂದಿನ ರಬ್ಬರ್ ಹಾರಿದರೆ ಕಾಲು ಗೆರೆಗೆ ಕೂಡಿಕೊಂಡು ‘ಹೇತ್’ ಎಂಬ ಬೇರೆಯೇ ಅಕ್ಷರವಾಗುತ್ತದೆ. ಸಂದು 3 ಮಿಮೀ ಇರುವಷ್ಟು ದೊಡ್ಡದಾಗಿ ಅಕ್ಷರ ಕೇಳಿ. ಯಾವ ಲಿಪಿಯಲ್ಲೇ ಆಗಲಿ, ಹೊಸ್ತಿಲಿಗೆ, ತುಳಿಯುವ ಫರಸಿಗೆ ಈ ಹೆಸರು ಹಾಕಿಸಬೇಡಿ. ಯೆಹೂದ್ಯರು ಇದನ್ನು ಬರೆದ ಕಾಗದವನ್ನೂ ಅಳಿಸದೆ, ಹರಿಯದೆ ಜತನ ಮಾಡುವವರು.

ದರ ಅಕ್ಷರಲೆಕ್ಕ. ಆದರೆ ಒತ್ತನ್ನು ಬೇರೆ ಅಕ್ಷರವೆಂದು ಎಣಿಸುವ ಚಾಳಿ ಇಲ್ಲಿದೆ, ಮುಂಗಡ ಕೊಡುವ ಮೊದಲೇ ಕೇಳಿ. ‘ಯೇಸು ಕ್ರಿಸ್ತ’ ನಾಲ್ಕಕ್ಷರ, ಒತ್ತು ಸೇರಿದರೆ ಆರು. ‘ಸರ್ವೇಶ್ವರ’ಕ್ಕೂ ನಾಲ್ಕು ಇಲ್ಲವೇ ಆರು. ‘ಯೆಹೋವ’ ಹೇಗೆ ಎಣಿಸಿದರೂ ಮೂರೇ. ಮಾತಾಡಿದರೆ ಒತ್ತಿನ ಲೆಕ್ಕ ಬಿಡುತ್ತಾರೆ.

ಪ್ರೂಫನ್ನು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಅದು ಸಾಲದು. ಕಲ್ಲಿನ ಅಳತೆಯಷ್ಟೇ ದೊಡ್ಡ ಕಾಗದದ ಮೇಲೆ ಮುದ್ರಿಸಿ ಕೊಡಿ ಎನ್ನಿ, ಕೊಡುತ್ತಾರೆ. ಅದನ್ನು ಗೋಡೆಗೆ ಅಂಟಿಸಿ 10 ಅಡಿ ದೂರ ನಿಂತು ಓದಿ, ಆಮೇಲೆ ಸತ್ಯವೇದ ತೆರೆದು ಅಕ್ಷರಕ್ಕೆ ಅಕ್ಷರ ಕೂಡಿಸಿ. 40 ಮಿಮೀ ಅಕ್ಷರಕ್ಕೆ ಎರಡು ಸಾಲುಗಳ ನಡುವೆ ಕನಿಷ್ಠ 35 ಮಿಮೀ ಬಿಟ್ಟಿದ್ದಾರೆಯೇ ನೋಡಿ. ‘ಕ್ರಿಸ್ತ’ದ ಒತ್ತುಗಳು ಕೆಳಗಿಳಿದು ಮುಂದಿನ ಸಾಲಿನ ತಲೆಕಟ್ಟಿಗೆ ಬಡಿಯುವುದು ಇಲ್ಲಿನ ಮಾಮೂಲಿ ದೋಷ. ಒಪ್ಪಿಗೆಯಾದ ಕಾಗದದ ಮೇಲೆ ಸಹಿ ಮಾಡಿ, ಅಂಗಡಿಯವರ ಸಹಿಯನ್ನೂ ಹಾಕಿಸಿ. ಆ ಕಾಗದ ಇದ್ದರೆ ತಪ್ಪಾದ ಕಲ್ಲನ್ನು ತಕರಾರಿಲ್ಲದೆ ಬದಲಿಸುತ್ತಾರೆ, ಈ ವಿಷಯದಲ್ಲಿ ಅಂಗಡಿ ನೇರ.

ಕೂರಿಸುವಾಗ ಬೆಳಗಾವಿಯ ಮಳೆ ಮರೆಯಬೇಡಿ. ಫಲಕದ ಮೇಲಂಚು, ಎರಡು ಪಕ್ಕ ಸಿಲಿಕೋನಿನಿಂದ ಮುಚ್ಚಿಸಿ, ಕೆಳಗಿನ ಅಂಚು ತೆರೆದಿರಲಿ. ಹಿಂದೆ ಸೇರಿದ ನೀರಿಗೆ ಹೊರದಾರಿ ಬೇಕು. ಗೃಹಪ್ರವೇಶದ ಮುನ್ನಾದಿನ ಫರಸಿ ತೊಳೆಯುವ ಆ್ಯಸಿಡ್ ಇದರ ಮೇಲೆ ಸಿಡಿದರೆ ಅಕ್ಷರದ ಬಣ್ಣ ಏಳುತ್ತದೆ.

ಗೋರಿಕಲ್ಲು ಬೇಕಾದವರು ಅಕ್ಟೋಬರ್ ಮೊದಲ ವಾರವೇ ಹೋಗಿ. ನವೆಂಬರ್ 2ರ ಮೃತರ ಸ್ಮರಣೆಗೆ ಮುಂಚೆ ಕಲ್ಲು ನಿಲ್ಲಿಸಬೇಕೆಂದು ಎಲ್ಲರೂ ಒಟ್ಟಿಗೆ ಬರುತ್ತಾರೆ, ಆ ಗಡಿಬಿಡಿಯಲ್ಲಿ ದೊಡ್ಡ ಕಾಗದದ ಪ್ರೂಫ್ ಕೇಳಿದರೆ ‘ನಾಳೆ ಬರ್ರಿ’ ಎನ್ನುತ್ತಾರೆ.